ಕಾರಿನಲ್ಲಿ ಮಗುವಿಗೊಂದು ಸ್ವಂತ ಸೀಟು: ದಾವಣಗೆರೆ–ಚಿತ್ರದುರ್ಗದ ಹೆತ್ತವರಿಗೆ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಅರವತ್ತು ಕಿಲೋಮೀಟರ್ ಆಸುಪಾಸು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ. ಹಾಗಾಗಿ ಮಗುವಿಗೆಂದು ಬೇರೆ ಸೀಟು ತಂದ ಮನೆಯಲ್ಲಿ ಮೊದಲ ಪ್ರಶ್ನೆ ಹಿರಿಯರಿಂದಲೇ ಬರುತ್ತದೆ: “ಇಷ್ಟು ದೂರಕ್ಕೆ ಕೂಸನ್ನ ಕುರ್ಚಿಗೆ ಕಟ್ಟಿಹಾಕ್ಬೇಕೇನಪ್ಪಾ? ನಾನಿಲ್ವಾ ಹಿಡ್ಕೊಳ್ಳೋಕೆ?” ಆ ಪ್ರಶ್ನೆಯಲ್ಲಿ ಇರುವುದು ಅಕ್ಕರೆ. ಉತ್ತರ ಕೊಡುವುದು ಕಷ್ಟವಾಗುವುದೂ ಅದಕ್ಕೇ.

ಹುಟ್ಟಿದ ಮಗುವಿನಿಂದ ಹಿಡಿದು ಹನ್ನೆರಡರ ಹತ್ತಿರದ ಮಕ್ಕಳವರೆಗೆ ಕಾರಿನಲ್ಲಿ ಹೇಗೆ ಕೂರಿಸಬೇಕು, ಸೀಟನ್ನು ಹೇಗೆ ಆರಿಸಿ ಬಿಗಿಯಬೇಕು, ಅಪಘಾತವಾದರೆ ಏನು ನೋಡಬೇಕು ಎನ್ನುವುದು ಇಲ್ಲಿದೆ. ಬಿಗಿಯುವ ಭಾಗಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಸಾವಿರಾರು ರೂಪಾಯಿ ಕೊಟ್ಟು ತಂದ ಸೀಟು ಕಾರಿನಲ್ಲಿ ಸಡಿಲವಾಗಿ ಕೂತಿದ್ದರೆ ಅದರ ಅರ್ಧ ಪ್ರಯೋಜನ ಅಲ್ಲೇ ಹೋಯಿತು.

ತೋಳಿನ ಬಲ ಯಾಕೆ ಸಾಲದು

ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಎದುರಿಗಿನ ವಾಹನಕ್ಕೋ ಮರಕ್ಕೋ ಗುದ್ದಿ ನಿಲ್ಲಲು ಸೆಕೆಂಡಿನ ಹತ್ತನೇ ಒಂದು ಭಾಗ ಸಾಕು. ಆ ಗಳಿಗೆಯಲ್ಲಿ ದೇಹದ ಮೇಲೆ ಬೀಳುವ ಬಲ ಅದರ ತೂಕದ ಇಪ್ಪತ್ತು, ಮೂವತ್ತು ಪಟ್ಟು ಮುಟ್ಟುತ್ತದೆ. ಅಂದರೆ ಹತ್ತು ಕಿಲೋ ಮಗುವನ್ನು ಹಿಡಿದುಕೊಂಡವರು ಇನ್ನೂರರಿಂದ ಮುನ್ನೂರು ಕಿಲೋ ತಡೆಯಬೇಕು. ಎರಡು ಮೂರು ಕ್ವಿಂಟಾಲ್! ಮಂಡಿಯಲ್ಲಿ ಚೀಲ ಹೊರುವ ಹಮಾಲಿಯ ತೋಳೂ ಅದಕ್ಕೆ ಸಾಲದು. 50 ಕಿಲೋಮೀಟರ್ ವೇಗದಲ್ಲಿ ಗುದ್ದುವುದೂ ಸುಮಾರು ಹತ್ತು ಮೀಟರ್ ಎತ್ತರದಿಂದ ನೆಲಕ್ಕೆ ಬೀಳುವುದೂ ಲೆಕ್ಕದಲ್ಲಿ ಒಂದೇ. ವೇಗ 80 ಆದರೆ ಆ ಎತ್ತರ ಇಪ್ಪತ್ತೈದು ಮೀಟರ್. ವೇಗ 1.6 ಪಟ್ಟಾದರೆ ಪೆಟ್ಟು ಎರಡೂವರೆ ಪಟ್ಟಾಗುತ್ತದೆ.

ಹಿಡಿದುಕೊಂಡವರು ಬೆಲ್ಟ್ ಹಾಕಿರದಿದ್ದರೆ ಇನ್ನೂ ಕಷ್ಟ. ಅವರ ಅರವತ್ತು ಎಪ್ಪತ್ತು ಕಿಲೋ ದೇಹ ಮುನ್ನುಗ್ಗಿ ಮಗುವನ್ನು ಡ್ಯಾಶ್‌ಬೋರ್ಡಿಗೋ ಮುಂದಿನ ಸೀಟಿಗೋ ಒತ್ತಿಬಿಡುತ್ತದೆ. ತಾಯಿಗೂ ಮಗುವಿಗೂ ಸೇರಿಸಿ ಒಂದೇ ಬೆಲ್ಟ್ ಹಾಕುವ ಅಭ್ಯಾಸವೂ ಇದೆ. ಅದರಿಂದ ಆಗುವುದೂ ಇದೇ: ಬೆಲ್ಟಿಗೂ ದೊಡ್ಡವರ ದೇಹಕ್ಕೂ ನಡುವೆ ಮಗು ಸಿಕ್ಕಿಕೊಳ್ಳುತ್ತದೆ.

ಮಗುವಿನ ದೇಹದ ರಚನೆಯೇ ದೊಡ್ಡವರದಕ್ಕಿಂತ ಬೇರೆ. ಹುಟ್ಟಿದ ಮಗುವಿನಲ್ಲಿ ತಲೆಯೇ ಉದ್ದದ ಕಾಲು ಭಾಗ. ಕುತ್ತಿಗೆಯ ಸ್ನಾಯು ಇನ್ನೂ ಬಲಿತಿಲ್ಲ, ಮೂಳೆಗಳನ್ನು ಹಿಡಿದಿಡುವ ಅಸ್ಥಿರಜ್ಜು ಸಡಿಲ, ಬೆನ್ನೆಲುಬಿನ ಮಣಿಗಳಲ್ಲಿ ಮೃದ್ವಸ್ಥಿಯೇ ಹೆಚ್ಚು. ಮುಂದಕ್ಕೆ ಮುಖ ಮಾಡಿ ಕೂತ ಎಳೆ ಮಗುವಿನ ಮುಂಡವನ್ನು ಬೆಲ್ಟ್ ಹಿಡಿದು ನಿಲ್ಲಿಸಿದರೂ ಭಾರದ ತಲೆ ಮುಂದಕ್ಕೆ ಎಳೆದುಕೊಂಡು ಹೋಗುತ್ತದೆ, ಆ ಎಳೆತವೆಲ್ಲ ಕುತ್ತಿಗೆಯ ಮೇಲೆ ಬೀಳುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿಯೇ ಕಂಡರೂ ಒಳಗೆ ಬೆನ್ನುಹುರಿಗೆ ಪೆಟ್ಟಾಗಿರುವುದು ಮಕ್ಕಳಲ್ಲಿ ವಿಶೇಷವಾಗಿ ಕಾಣುವ ಗಾಯ. ಮಗುವಿನ ಮುಖವನ್ನು ಕಾರಿನ ಹಿಂಬದಿಗೆ ತಿರುಗಿಸಿ ಕೂರಿಸಿದಾಗ ತಲೆ, ಕುತ್ತಿಗೆ, ಬೆನ್ನು ಮೂರೂ ಸೀಟಿನ ಬೆನ್ನಿಗೆ ಒಟ್ಟಿಗೆ ಒರಗುತ್ತವೆ, ಬಲ ಹಂಚಿಹೋಗುತ್ತದೆ. ಹಿಂಮುಖದ ಸೀಟಿನ ಗುಟ್ಟು ಇಷ್ಟೇ.

ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆಯ ಲೆಕ್ಕದ ಪ್ರಕಾರ, ಕಾರುಗಳಲ್ಲಿ ಮಕ್ಕಳ ಸೀಟು ಬಳಸಿದರೆ ಒಂದು ವರ್ಷದೊಳಗಿನ ಮಕ್ಕಳ ಸಾವಿನ ಅಪಾಯ 71 ಪ್ರತಿಶತ, ಒಂದರಿಂದ ನಾಲ್ಕು ವರ್ಷದವರಲ್ಲಿ 54 ಪ್ರತಿಶತ ಕಡಿಮೆಯಾಗುತ್ತದೆ. ನಮ್ಮಲ್ಲೂ ಕಾನೂನಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ, 14 ವರ್ಷ ತುಂಬದ ಮಗುವನ್ನು ಬೆಲ್ಟ್ ಅಥವಾ ಮಕ್ಕಳ ಸೀಟಿನ ಭದ್ರತೆಯಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ಪೊಲೀಸರು ಇದಕ್ಕಾಗಿ ಕಾರು ನಿಲ್ಲಿಸುವುದು ಅಪರೂಪ. ಆದ್ದರಿಂದ ದಂಡದ ಹೆದರಿಕೆಯನ್ನು ಬದಿಗಿಟ್ಟೇ ಮುಂದಿನದನ್ನು ಓದಿ.

ಮೊದಲ ಹಂತ: ತೂಕ ಮತ್ತು ಎತ್ತರ ಬರೆದಿಟ್ಟುಕೊಳ್ಳಿ

ಸೀಟು ಕೊಳ್ಳುವಾಗ “ಎರಡು ವರ್ಷದ ಮಗುವಿಗೆ” ಎಂದು ಕೇಳಬೇಡಿ. ವಯಸ್ಸು ಸೀಟಿಗೆ ಗೊತ್ತಾಗುವುದಿಲ್ಲ. ಬೇಕಾದ್ದು ಕಿಲೋ ಮತ್ತು ಸೆಂಟಿಮೀಟರ್. ಲಸಿಕೆಗೆ ಹೋದಾಗ ತಾಯಿ ಕಾರ್ಡಿನಲ್ಲಿ ತೂಕ ಬರೆದಿರುತ್ತಾರೆ, ಅಂಗನವಾಡಿಯಲ್ಲೂ ತೂಗುತ್ತಾರೆ. ಎತ್ತರಕ್ಕೆ ಗೋಡೆ, ಪೆನ್ಸಿಲ್, ಟೇಪು ಸಾಕು. ಮೂರು ತಿಂಗಳಿಗೊಮ್ಮೆ ಹೊಸದಾಗಿ ಅಳೆಯಿರಿ.

ಎರಡನೇ ಹಂತ: ಸೀಟು ಆರಿಸುವುದು

ಸೀಟಿನ ಮೇಲೆ ಅಂಟಿಸಿದ ಚೀಟಿ ಮೊದಲು ನೋಡಿ. ಭಾರತದ ಮಾನದಂಡ ಎಐಎಸ್-072. ಯುರೋಪಿನ ಮಾನದಂಡದವಾದರೆ ಕಿತ್ತಳೆ ಬಣ್ಣದ ಚೀಟಿಯಲ್ಲಿ ಇಸಿಇ ಆರ್44/04 ಅಥವಾ ಹೊಸದಾದ ಆರ್129 ಎಂದಿರುತ್ತದೆ. ಆರ್44 ತೂಕದ ಮೇಲೆ ಗುಂಪು ಮಾಡುತ್ತದೆ: 13 ಕಿಲೋವರೆಗೆ ಹಿಂಮುಖ, 9ರಿಂದ 18 ಕಿಲೋವರೆಗೆ ಐದು ಪಟ್ಟಿಯ ಸೀಟು, 15ರಿಂದ 36 ಕಿಲೋವರೆಗೆ ಬೂಸ್ಟರ್ (ಮಗುವನ್ನು ಎತ್ತರಿಸಿ ಕಾರಿನ ಬೆಲ್ಟಿಗೆ ಹೊಂದಿಸುವ ಸೀಟು). ಆರ್129 ಎತ್ತರ ನೋಡುತ್ತದೆ, ಮಗುವಿಗೆ ಹದಿನೈದು ತಿಂಗಳು ತುಂಬುವವರೆಗೆ ಹಿಂಮುಖವಾಗಿಯೇ ಕೂರಿಸಬೇಕೆಂದೂ ಹೇಳುತ್ತದೆ. ಚೀಟಿಯೇ ಇಲ್ಲದ, ಬೆನ್ನಿಗೆ ಸ್ಪಂಜು ಹೊಲಿದು ನಾಲ್ಕು ಪಟ್ಟಿ ಸೇರಿಸಿದ ಬಟ್ಟೆಯ “ಟ್ರಾವೆಲ್ ಸೀಟು”ಗಳೂ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಅವು ಮಗುವನ್ನು ಅಲ್ಲಾಡದಂತೆ ಕೂರಿಸುತ್ತವೆಯೇ ಹೊರತು ಗುದ್ದಿದಾಗ ಕಾಪಾಡುವುದಿಲ್ಲ. ಕೊಳ್ಳಬೇಡಿ.

ಹುಟ್ಟಿನಿಂದ ಹನ್ನೆರಡು ವರ್ಷದವರೆಗೂ ಒಂದೇ ಸೀಟು ಸಾಕು ಎನ್ನುವ ಜಾಹೀರಾತಿನ ಬಗ್ಗೆ ನನಗೆ ಅನುಮಾನವಿದೆ. ಎಲ್ಲರಿಗೂ ಹೊಂದುವ ಸೀಟು ಹೆಚ್ಚಾಗಿ ಎಳೆ ಕೂಸಿಗೆ ದೊಡ್ಡದಾಗಿರುತ್ತದೆ, ಎಂಟು ವರ್ಷದವರಿಗೆ ಇಕ್ಕಟ್ಟಾಗಿರುತ್ತದೆ. ದುಡ್ಡು ಲೆಕ್ಕ ಹಾಕಿ ಖರ್ಚು ಮಾಡುವವರು ಹುಟ್ಟಿನಿಂದ 18 ಕಿಲೋವರೆಗೆ ಹಿಂಮುಖ–ಮುಮ್ಮುಖ ಎರಡೂ ಆಗುವ ಒಂದು ಸೀಟು, ಆಮೇಲೆ ಬೆನ್ನೊರಗು ಇರುವ ಒಂದು ಬೂಸ್ಟರ್, ಹೀಗೆ ಎರಡು ಕೊಂಡರೆ ಬಾಲ್ಯವೆಲ್ಲ ಮುಗಿಯುತ್ತದೆ.

ಬಂಧುಗಳ ಮನೆಯಿಂದ ಬಂದ ಹಳೆಯ ಸೀಟು ಬಳಸಬಹುದೇ? ಬಳಸಬಹುದು, ಅದು ಅಪಘಾತ ಕಂಡಿಲ್ಲವೆಂದು ಖಚಿತವಿದ್ದರೆ, ಬಳಕೆಯ ಅವಧಿ ಮುಗಿದಿಲ್ಲದಿದ್ದರೆ, ಪಟ್ಟಿ–ಬಕಲ್ ಎಲ್ಲ ಸರಿಯಿದ್ದರೆ, ಬಳಕೆಯ ಪುಸ್ತಕವೂ ಜೊತೆಗಿದ್ದರೆ. ತಯಾರಾದ ತಿಂಗಳು–ವರ್ಷ ಸೀಟಿನ ಅಡಿಯಲ್ಲೋ ಹಿಂಬದಿಯಲ್ಲೋ ಅಚ್ಚಾಗಿರುತ್ತದೆ. ವರ್ಷಗಟ್ಟಲೆ ಬಿಸಿಲಿಗೆ ನಿಂತ ಕಾರಿನಲ್ಲಿ ಪ್ಲಾಸ್ಟಿಕ್ ಪೆಡಸಾಗುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಗುಜರಿಯವರು ಮಾರುವ, ಯಾರದೆಂದು ಗೊತ್ತಿಲ್ಲದ ಸೀಟಿಗೆ ಕೈ ಹಾಕಬೇಡಿ.

ಮೂರನೇ ಹಂತ: ನಿಮ್ಮ ಕಾರಿನಲ್ಲಿ ಏನಿದೆ ನೋಡಿ

ಸೀಟು ಕೊಳ್ಳುವ ಮುಂಚೆಯೇ ಮಾಡಬೇಕಾದ ಕೆಲಸ ಇದು. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗ ಸೇರುವ ಸಂದಿಗೆ ಬೆರಳು ಹಾಕಿ. ಎರಡೂ ಬದಿಯ ಸೀಟುಗಳಲ್ಲಿ, 28 ಸೆಂಟಿಮೀಟರ್ ಅಂತರದಲ್ಲಿ ಎರಡೆರಡು ಕಬ್ಬಿಣದ ಕಂಬಿ ಸಿಕ್ಕರೆ ನಿಮ್ಮ ಕಾರಿನಲ್ಲಿ ಐಸೋಫಿಕ್ಸ್ ಇದೆ, ಅಂದರೆ ಮಗುವಿನ ಸೀಟನ್ನು ಬೆಲ್ಟಿಲ್ಲದೆ ನೇರ ಕಾರಿಗೇ ಸಿಕ್ಕಿಸುವ ವ್ಯವಸ್ಥೆ. ಇತ್ತೀಚಿನ ಕಾರುಗಳಲ್ಲಿ ಇದು ಸಾಮಾನ್ಯ. ಹಳೆಯ ಕಾರಿನಲ್ಲಿ ಇಲ್ಲದಿದ್ದರೆ ಬೆಲ್ಟಿನಿಂದ ಬಿಗಿಯುವ ಸೀಟು ತೆಗೆದುಕೊಳ್ಳಿ. ಸರಿಯಾಗಿ ಬಿಗಿದರೆ ಅದರಲ್ಲಿ ಕೊರತೆಯೇನಿಲ್ಲ. ಆದರೆ ಆ ಬೆಲ್ಟ್ ಭುಜದ ಮೇಲಿಂದ ಬರುವ ಮೂರು ಬಿಂದುವಿನದಾಗಿರಬೇಕು. ಬರೀ ಸೊಂಟಕ್ಕೆ ಬರುವ ಬೆಲ್ಟಿನಲ್ಲಿ ಹೆಚ್ಚಿನ ಮಕ್ಕಳ ಸೀಟುಗಳು ನಿಲ್ಲುವುದಿಲ್ಲ.

ಮುಂದಿನ ಎಡಗಡೆ ಸೀಟಿನ ಎದುರು ಏರ್‌ಬ್ಯಾಗ್ ಇರುವ ಕಾರಿನಲ್ಲಿ ಹಿಂಮುಖದ ಸೀಟನ್ನು ಅಲ್ಲಿ ಇಡಲೇಬೇಡಿ. ರೆಪ್ಪೆ ಮಿಟುಕಿಸುವಷ್ಟರೊಳಗೆ ಉಬ್ಬುವ ಆ ಚೀಲ ಮಗುವಿನ ತಲೆಯ ಹಿಂದಿರುವ ಸೀಟಿನ ಬೆನ್ನಿಗೇ ಬಡಿಯುತ್ತದೆ. ದೊಡ್ಡವರನ್ನು ಉಳಿಸಲು ಇಟ್ಟ ಸಾಧನ ಕೂಸನ್ನು ಕೊಲ್ಲಬಲ್ಲದು. ಸೂರ್ಯನ ಬಿಸಿಲಿಗೆ ಇಳಿಸುವ ಹಲಗೆಯ ಮೇಲೆ ಅಡ್ಡಗೆರೆ ಎಳೆದ ಮಗುವಿನ ಚಿತ್ರ ಇರುವುದು ಈ ಕಾರಣಕ್ಕೆ. ಹನ್ನೆರಡು ದಾಟುವವರೆಗೆ ಮಕ್ಕಳ ಜಾಗ ಹಿಂದೆ ಎಂದು ಮನೆಯ ನಿಯಮವನ್ನೇ ಮಾಡಿಬಿಡಿ.

ಹಿಂದೆ ಎಲ್ಲಿ? ನಡುವಿನ ಜಾಗದಲ್ಲಿ ಮೂರು ಬಿಂದುವಿನ ಬೆಲ್ಟ್ ಇದ್ದು ಸೀಟು ಗಟ್ಟಿಯಾಗಿ ಕೂರುವುದಾದರೆ ಅದೇ ಒಳ್ಳೆಯದು, ಪಕ್ಕದ ಗುದ್ದಿನಿಂದ ದೂರ. ನಮ್ಮ ಸಣ್ಣ ಕಾರುಗಳಲ್ಲಿ ಹಾಗೆ ಕೂರುವುದು ಕಡಿಮೆ. ಹಾಗಾದರೆ ಎಡಗಡೆ ಹಿಂದಿನ ಸೀಟು. ದಾವಣಗೆರೆಯ ಪಿ.ಬಿ. ರಸ್ತೆಯಲ್ಲೋ ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲೋ ಕಾರು ನಿಲ್ಲಿಸಿದಾಗ ಮಗುವನ್ನು ಫುಟ್‌ಪಾತಿನ ಕಡೆಯಿಂದಲೇ ಇಳಿಸಬಹುದು, ಓಡುವ ವಾಹನಗಳ ಕಡೆಗೆ ಬೆನ್ನು ಕೊಟ್ಟು ನಿಂತು ಬಕಲ್ ಬಿಚ್ಚುವ ಪಾಡು ಇರುವುದಿಲ್ಲ.

ನಾಲ್ಕನೇ ಹಂತ: ಬಿಗಿಯುವುದು

ಊರಿಗೆ ಹೊರಡುವ ಬೆಳಗ್ಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ಹಿಂದಿನ ಭಾನುವಾರ, ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಸೀಟಿನ ಪುಸ್ತಕ ಮತ್ತು ಕಾರಿನ ಪುಸ್ತಕ ಎರಡನ್ನೂ ತೆರೆದಿಟ್ಟುಕೊಂಡು ಮಾಡಿ. ವಿಡಿಯೋ ನೋಡಿ ಮಾಡುವುದಾದರೆ ಅದೇ ಮಾದರಿಯ ಸೀಟಿನ ವಿಡಿಯೋ ಇರಲಿ.

ಐಸೋಫಿಕ್ಸ್ ಆದರೆ ಸೀಟಿನ ಎರಡು ಕೊಕ್ಕೆಗಳನ್ನು ಕಂಬಿಗಳಿಗೆ ತಳ್ಳಿ. ಎರಡೂ ಕಡೆ “ಟಕ್” ಎಂದು ಕೇಳಬೇಕು, ಎರಡೂ ಕಡೆ ಹಸಿರು ಗುರುತು ಕಾಣಬೇಕು. ಒಂದು ಹಸಿರು ಒಂದು ಕೆಂಪು ಇದ್ದರೆ ಬಿಚ್ಚಿ ಮತ್ತೆ ಹಾಕಿ. ಇಷ್ಟಕ್ಕೇ ಮುಗಿಯಲಿಲ್ಲ. ಗುದ್ದಿದಾಗ ಸೀಟು ಮುಂದಕ್ಕೆ ಮಗುಚದಂತೆ ಮೂರನೆಯದೊಂದು ಆಧಾರ ಬೇಕು. ಕೆಲವು ಸೀಟಿಗೆ ಅದು ನೆಲಕ್ಕೆ ಊರುವ ಕಾಲು, ಕೆಲವಕ್ಕೆ ಮೇಲಿನಿಂದ ಹಿಂದಕ್ಕೆ ಹೋಗುವ ಟಾಪ್ ಟೆದರ್ ಪಟ್ಟಿ. ಕಾಲು ಊರುವ ಜಾಗದಲ್ಲಿ ನೆಲದಡಿ ಸಾಮಾನಿನ ಡಬ್ಬಿ ಇದ್ದರೆ ಅಲ್ಲಿ ಊರಬಾರದು, ಮುಚ್ಚಳ ಕುಸಿಯುತ್ತದೆ. ಟಾಪ್ ಟೆದರ್ ಪಟ್ಟಿಯನ್ನು ಹಿಂದಿನ ಸೀಟಿನ ಬೆನ್ನಿನಲ್ಲೋ ಡಿಕ್ಕಿಯೊಳಗೋ ಇರುವ, ಅದಕ್ಕೆಂದೇ ಗುರುತು ಹಾಕಿದ ಬಳೆಗೆ ಸಿಕ್ಕಿಸಬೇಕು. ಡಿಕ್ಕಿಯಲ್ಲಿ ಸಾಮಾನು ಕಟ್ಟುವ ಕೊಕ್ಕೆಯೂ ನೋಡಲು ಹಾಗೇ ಇರುತ್ತದೆ. ಕಾರಿನ ಪುಸ್ತಕ ನೋಡದೆ ಸಿಕ್ಕಿಸಬೇಡಿ. ಐಸೋಫಿಕ್ಸಿಗೆ ಭಾರದ ಮಿತಿಯೂ ಇದೆ: ಮಗುವೂ ಸೀಟೂ ಸೇರಿ 33 ಕಿಲೋ. ಅದು ದಾಟಿದರೆ ಮಗುವನ್ನು ಕಾರಿನ ಬೆಲ್ಟೇ ಹಿಡಿಯುವ ಸೀಟಿಗೆ ಬದಲಿಸಿ.

ಬೆಲ್ಟಿನಿಂದ ಬಿಗಿಯುವ ಸೀಟಿನಲ್ಲಿ ತಪ್ಪುಗಳು ಹೆಚ್ಚು, ಆದ್ದರಿಂದ ನಿಧಾನವಾಗಿ ಮಾಡಿ. ಬೆಲ್ಟ್ ಹೋಗುವ ದಾರಿಯನ್ನು ಸೀಟಿನ ಮೇಲೆ ಬಣ್ಣದಿಂದ ತೋರಿಸಿರುತ್ತಾರೆ. ಹಿಂಮುಖಕ್ಕೆ ನೀಲಿ, ಮುಮ್ಮುಖಕ್ಕೆ ಕೆಂಪು. ಬೆಲ್ಟನ್ನು ಪೂರ್ತಿ ಎಳೆದು, ಆ ದಾರಿಯಲ್ಲಿ ತಿರುಚದೆ ಹಾಯಿಸಿ ಬಕಲ್ ಹಾಕಿ. ಈಗ ಒಂದು ಮೊಣಕಾಲನ್ನು ಸೀಟಿನ ಮೇಲಿಟ್ಟು ನಿಮ್ಮ ಭಾರವೆಲ್ಲ ಹಾಕಿ ಒತ್ತಿ, ಒತ್ತಿಹಿಡಿದೇ ಬೆಲ್ಟಿನ ಸೊಂಟದ ಭಾಗವನ್ನೂ ಆಮೇಲೆ ಭುಜದ ಭಾಗವನ್ನೂ ಎಳೆದು ಬಿಗಿ ಮಾಡಿ. ಬೆಲ್ಟ್ ಜಾರದಂತೆ ಹಿಡಿಯುವ ಕ್ಲಿಪ್ ಸೀಟಿನಲ್ಲಿದ್ದರೆ ಮುಚ್ಚಿ. ಬೆವರು ಬರಬೇಕು. ಬರಲಿಲ್ಲವೆಂದರೆ ಇನ್ನೊಮ್ಮೆ ಎಳೆಯಿರಿ.

ಪರೀಕ್ಷೆ ಹೀಗೆ: ಬೆಲ್ಟ್ ಹಾಯುವ ಜಾಗದಲ್ಲಿಯೇ ಸೀಟನ್ನು ಹಿಡಿದು ಎಡಬಲಕ್ಕೂ ಹಿಂದೆಮುಂದೆಗೂ ಜಗ್ಗಿ. ಒಂದು ಅಂಗುಲಕ್ಕಿಂತ, ಅಂದರೆ ಎರಡೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಲ್ಲಾಡಬಾರದು. ಸೀಟಿನ ತುದಿಯನ್ನು ಹಿಡಿದು ಜಗ್ಗಿದರೆ ಎಂಥ ಸೀಟೂ ಅಲ್ಲಾಡುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಎಳೆ ಕೂಸಿನ ಹಿಂಮುಖದ ಸೀಟು ಸರಿಯಾಗಿ ಒರಗಿದೆಯೇ ಎಂಬುದನ್ನೂ ನೋಡಿ, ಸೀಟಿನ ಬದಿಯಲ್ಲಿ ಅದಕ್ಕೊಂದು ಗೆರೆಯೋ ಗುಳ್ಳೆಯೋ ಇರುತ್ತದೆ. ತೀರಾ ನೆಟ್ಟಗಿದ್ದರೆ ನಿದ್ದೆಯಲ್ಲಿ ಗಲ್ಲ ಎದೆಗೆ ಬಿದ್ದು ಉಸಿರಿಗೆ ತೊಂದರೆ. ಇದೇ ಕಾರಣಕ್ಕೆ ಮನೆಗೆ ಬಂದ ಮೇಲೆ ಮಲಗಿದ ಮಗುವನ್ನು ಸೀಟಿನ ಸಮೇತ ಒಳಗೆ ತಂದು ಹಾಗೇ ಬಿಡಬಾರದು. ಎತ್ತಿ ಹಾಸಿಗೆಯಲ್ಲಿ ಬೆನ್ನ ಮೇಲೆ ಮಲಗಿಸಿ.

ಐದನೇ ಹಂತ: ಮಗುವನ್ನು ಕೂರಿಸುವುದು

ಬೆನ್ನು ಮತ್ತು ಕುಂಡೆ ಎರಡೂ ಸೀಟಿಗೆ ತಾಗಿ ಕೂರಬೇಕು. ಭುಜದ ಪಟ್ಟಿ ಹೊರಡುವ ತೂತು ಹಿಂಮುಖದಲ್ಲಿ ಮಗುವಿನ ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ, ಮುಮ್ಮುಖದಲ್ಲಿ ಭುಜದ ಮಟ್ಟಕ್ಕೆ ಅಥವಾ ಸ್ವಲ್ಪ ಮೇಲೆ ಇರಬೇಕು. ಪಟ್ಟಿ ಬಿಗಿದ ಮೇಲೆ ಭುಜದ ಬಳಿ ಎರಡು ಬೆರಳಿನಲ್ಲಿ ಚಿವುಟಿ ನೋಡಿ. ಪಟ್ಟಿಯ ಮಡಿಕೆ ಬೆರಳಿಗೆ ಸಿಕ್ಕರೆ ಇನ್ನೂ ಸಡಿಲ ಎಂದರ್ಥ.

ಬಟ್ಟೆಯ ವಿಷಯ ನಮ್ಮಲ್ಲಿ ದೊಡ್ಡದು. ಬಾಣಂತಿಯನ್ನು ತವರಿಗೆ ಕರೆದುಕೊಂಡು ಹೋಗುವಾಗ ಕೂಸಿಗೆ ಸ್ವೆಟರ್, ಕುಲಾವಿ, ಅದರ ಮೇಲೊಂದು ದುಪ್ಪಟಿ ಸುತ್ತಿ ಗಂಟು ಮಾಡಿಯೇ ಕೈಗೆ ಕೊಡುತ್ತಾರೆ. ಆ ಗಂಟಿನ ಮೇಲೆ ಪಟ್ಟಿ ಬಿಗಿದರೆ ಗುದ್ದಿದಾಗ ಬಟ್ಟೆಯೊಳಗಿನ ಗಾಳಿಯೆಲ್ಲ ಹಿಂಡಿಹೋಗಿ ಪಟ್ಟಿ ಸಡಿಲವಾಗುತ್ತದೆ, ಮಗು ಜಾರುತ್ತದೆ. ತೆಳುವಾದ ಹತ್ತಿ ಅಂಗಿ ಹಾಕಿ, ಕಾಲು ಬೇರೆಬೇರೆಯಾಗಿರಲಿ, ಪಟ್ಟಿ ಬಿಗಿಯಿರಿ, ಆಮೇಲೆ ದುಪ್ಪಟಿಯನ್ನು ಮೇಲಿನಿಂದ ಹೊದಿಸಿ. ಅಜ್ಜಿಗೂ ಸಮಾಧಾನ, ಪಟ್ಟಿಯೂ ಬಿಗಿ.

ಮುಮ್ಮುಖಕ್ಕೆ ತಿರುಗಿಸಲು ಅವಸರ ಮಾಡಬೇಡಿ. “ಕಾಲು ಮಡಚಿಕೊಂಡಿದೆ ಪಾಪ” ಎಂಬ ಮಾತು ಒಂದು ವರ್ಷಕ್ಕೇ ಶುರುವಾಗುತ್ತದೆ. ಮಕ್ಕಳಿಗೆ ಚಕ್ಕಳಮಕ್ಕಳ ಹಾಕುವುದು ಕಷ್ಟವೇ ಅಲ್ಲ, ಮುರಿದ ಕಾಲು ಕೂಡಿಕೊಳ್ಳುತ್ತದೆ, ಕುತ್ತಿಗೆ ಹಾಗಲ್ಲ. ಸೀಟಿನ ಹಿಂಮುಖದ ತೂಕ ಅಥವಾ ಎತ್ತರದ ಮಿತಿ ಮುಟ್ಟುವವರೆಗೂ ಹಾಗೇ ಇಡಿ.

ಆರನೇ ಹಂತ: ಯಾರು ಎಲ್ಲಿ, ಯಾರು ಬಸ್ಸಿಗೆ

ಐದು ಜನರ ಕಾರಿನಲ್ಲಿ ಮಗುವಿನ ಸೀಟು ಇಟ್ಟ ಮೇಲೆ ಹಿಂದೆ ಇಬ್ಬರು ದೊಡ್ಡವರಿಗೆ ಮಾತ್ರ ಜಾಗ, ಅದೂ ಇಕ್ಕಟ್ಟಿನಲ್ಲಿ. ಉಚ್ಚಂಗಿದುರ್ಗಕ್ಕೋ ಹರಿಹರದ ದೇವಸ್ಥಾನಕ್ಕೋ ಏಳು ಮಂದಿ ಹೊರಟಾಗ ಮೊದಲು ಡಿಕ್ಕಿಗೆ ಹೋಗುವುದು ಇದೇ ಸೀಟು. ಅದಕ್ಕೇ ಎಷ್ಟು ಜನ ಎಂಬ ಲೆಕ್ಕ ಹಿಂದಿನ ರಾತ್ರಿಯೇ ಆಗಬೇಕು. ಹೆಚ್ಚಾದವರಿಗೆ ಬಸ್ಸಿದೆ. ಇದನ್ನು ಹೇಳುವ ಕೆಲಸ ಸೊಸೆಯ ಮೇಲೆ ಬೀಳದಿರಲಿ. ಮಗ ತನ್ನ ಅಪ್ಪ-ಅಮ್ಮನಿಗೆ ತಾನೇ ಹೇಳಲಿ.

ಅಜ್ಜಿಗೆ ಬೇಕಾದ್ದು ಮೊಮ್ಮಗುವಿನ ಪಕ್ಕ. ಹಾಗಾಗಿ ಮಗುವಿನ ಸೀಟಿನ ಪಕ್ಕದ ಜಾಗವನ್ನು ಅವರಿಗೇ ಕೊಡಿ, ಬೆಲ್ಟ್ ಹಾಕಿಸಿ, ಗಿಲಕಿ ಆಡಿಸುವ, ನೀರು ಕೊಡುವ, ಮುಖ ಒರೆಸುವ ಕೆಲಸವೆಲ್ಲ ಅವರದೇ ಆಗಲಿ. ಹಿಂದೆ ಕೂತವರು ಬೆಲ್ಟ್ ಹಾಕದಿದ್ದರೆ ಗುದ್ದಿದಾಗ ಅವರು ಮಗುವಿನ ಮೇಲೇ ಬಂದು ಬೀಳುತ್ತಾರೆ ಎಂಬುದನ್ನೂ ಮೆಲ್ಲಗೆ ಹೇಳಿ. ತನಗಾಗಿ ಬೆಲ್ಟ್ ಹಾಕದವರು ಮೊಮ್ಮಗುವಿಗಾಗಿ ಹಾಕುತ್ತಾರೆ.

ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲೆ ತೆಂಗಿನಕಾಯಿ, ಸ್ಟೀಲ್ ಬುತ್ತಿ, ನೀರಿನ ಕ್ಯಾನು ಇಡಬೇಡಿ. ಕಾರು ನಿಂತರೂ ಅವು ನಿಲ್ಲುವುದಿಲ್ಲ. ಎಲ್ಲ ಡಿಕ್ಕಿಯ ತಳಕ್ಕೆ.

ದಾರಿಯಲ್ಲಿ

ಮೊದಮೊದಲು ಮಗು ಅಳುತ್ತದೆ. ಮನೆಯೊಳಗೇ ಸೀಟು ಇಟ್ಟು ಕೂರಿಸಿ ಆಡಿಸಿ, ಆಮೇಲೆ ಬಡಾವಣೆಯಲ್ಲಿ ಒಂದು ಸುತ್ತು ಹಾಕಿ, ಆಮೇಲೆ ಹೆದ್ದಾರಿ. ಕಾರು ಓಡುತ್ತಿರುವಾಗಲೇ ಒಂದು ಸಲ ಎತ್ತಿಕೊಂಡರೆ, ಅತ್ತರೆ ಎತ್ತುತ್ತಾರೆ ಎಂದು ಅದಕ್ಕೂ ಗೊತ್ತಾಗಿಬಿಡುತ್ತದೆ. ಅತ್ತರೆ ಕಾರು ನಿಲ್ಲಿಸಿ, ಎತ್ತಿಕೊಳ್ಳಿ, ಸಮಾಧಾನ ಮಾಡಿ, ಮತ್ತೆ ಕೂರಿಸಿ ಹೊರಡಿ. ಓಡುವ ಕಾರಿನಲ್ಲಿ ಪಟ್ಟಿ ಬಿಚ್ಚಿ ಹಾಲು ಕುಡಿಸುವುದು ಮಾತ್ರ ಬೇಡ. ಬೆಂಗಳೂರಿಗೆ ಹೋಗುವವರು ಹಿರಿಯೂರಿನಲ್ಲಿ, ಶಿರಾದಲ್ಲಿ ಹೇಗೂ ನಿಲ್ಲುತ್ತಾರೆ. ಸಣ್ಣ ಮಕ್ಕಳಿದ್ದರೆ ಎರಡು ಗಂಟೆಗೊಮ್ಮೆ, ತಿಂಗಳ ಕೂಸಾದರೆ ಇನ್ನೂ ಬೇಗ ನಿಲ್ಲಿಸಿ ಹೊರಗೆ ತೆಗೆಯಿರಿ. ನಿಲ್ಲಿಸುವುದು ಹೋಟೆಲಿನ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ. ಹೆದ್ದಾರಿಯ ಅಂಚಿನಲ್ಲಿ ನಿಂತ ವಾಹನಕ್ಕೆ ಹಿಂದಿನಿಂದ ಬಂದು ಗುದ್ದುವುದು ಈ ರಸ್ತೆಗೆ ಹೊಸದಲ್ಲ.

ರಾತ್ರಿ ಮೂರಕ್ಕೆ ಎದ್ದು ಹೊರಟರೆ ಮಗು ಮಲಗಿರುತ್ತದೆ ಎನ್ನುವ ಲೆಕ್ಕಾಚಾರ ಬಹಳ ಮನೆಗಳಲ್ಲಿದೆ. ಆ ಹೊತ್ತಿಗೆ ಕಾರು ಓಡಿಸುವವರ ಕಣ್ಣೂ ಎಳೆಯುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಹಿಂಬದಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಎದುರಾಗುತ್ತವೆ. ಬೆಳಕು ಹರಿದ ಮೇಲೆ ಹೊರಡುವುದು ಮೇಲು.

ಏಪ್ರಿಲ್, ಮೇ ಬಿಸಿಲಿಗೆ ನಿಂತ ಕಾರಿನ ಬಕಲ್ ಚರ್ಮ ಸುಡುವಷ್ಟು ಕಾದಿರುತ್ತದೆ. ಸೀಟಿನ ಮೇಲೆ ಬಿಳಿ ಟವೆಲ್ ಹೊದಿಸಿ ಹೋಗಿ, ಬಂದಾಗ ಬಕಲನ್ನು ನಿಮ್ಮ ಮುಂಗೈಗೆ ತಾಗಿಸಿ ನೋಡಿ. ಮುಚ್ಚಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರುತ್ತದೆ. ಬೆಣ್ಣೆದೋಸೆ ಕಟ್ಟಿಸಿಕೊಂಡು ಬರುವಷ್ಟು ಹೊತ್ತಿಗೂ ಮಲಗಿದ ಮಗುವನ್ನು ಒಳಗೆ ಬಿಟ್ಟು ಹೋಗುವಂತಿಲ್ಲ.

ದೊಡ್ಡ ಮಕ್ಕಳಿಗೆ ಬೂಸ್ಟರ್

ನಾಲ್ಕೈದು ವರ್ಷವಾದ ಕೂಡಲೇ “ದೊಡ್ಡವನಾದ” ಎಂದು ಕಾರಿನ ಬೆಲ್ಟ್ ಹಾಕಿ ಬಿಡುತ್ತಾರೆ. ಆ ಬೆಲ್ಟ್ ಮಾಡಿರುವುದು ದೊಡ್ಡವರ ಅಳತೆಗೆ. ಚಿಕ್ಕವರಲ್ಲಿ ಸೊಂಟದ ಪಟ್ಟಿ ಸೊಂಟದ ಮೂಳೆ ಬಿಟ್ಟು ಮೆತ್ತನೆಯ ಹೊಟ್ಟೆಯ ಮೇಲೆ ಏರುತ್ತದೆ, ಭುಜದ ಪಟ್ಟಿ ಕುತ್ತಿಗೆ ಉಜ್ಜುತ್ತದೆ. ಕಿರಿಕಿರಿಯಾಗಿ ಮಗು ಅದನ್ನು ಕಂಕುಳ ಕೆಳಗೋ ಬೆನ್ನ ಹಿಂದೋ ಹಾಕಿಕೊಳ್ಳುತ್ತದೆ. ಈ ಸ್ಥಿತಿಯಲ್ಲಿ ಗುದ್ದಿದರೆ ದೇಹ ಪಟ್ಟಿಯ ಮೇಲೆ ಮಡಚಿ ಕರುಳು ಹರಿಯಬಹುದು, ಸೊಂಟದ ಬೆನ್ನೆಲುಬು ಅಡ್ಡಕ್ಕೆ ಸೀಳಬಹುದು.

ಬೂಸ್ಟರ್ ಮಾಡುವುದು ಮಗುವನ್ನು ಎತ್ತರಿಸಿ ಬೆಲ್ಟನ್ನು ಸರಿಯಾದ ಜಾಗಕ್ಕೆ ತರುವ ಕೆಲಸ. ಬೆನ್ನೊರಗು ಇರುವುದನ್ನೇ ಕೊಳ್ಳಿ. ಸುಮಾರು 145 ಸೆಂಟಿಮೀಟರ್ ಎತ್ತರದವರೆಗೆ ಬೇಕಾಗುತ್ತದೆ, ಹೆಚ್ಚಿನವರಿಗೆ ಹತ್ತರಿಂದ ಹನ್ನೆರಡು ವರ್ಷ. ಬಿಡಿಸುವ ಮುಂಚೆ ಕಾರಿನ ಸೀಟಿನಲ್ಲಿ ಹಾಗೇ ಕೂರಿಸಿ ನೋಡಿ: ಬೆನ್ನು ಪೂರ್ತಿ ಒರಗಿದಾಗ ಮೊಣಕಾಲು ಸೀಟಿನ ಅಂಚಿನಲ್ಲಿ ಮಡಚಬೇಕು, ಪಾದ ನೆಲ ಮುಟ್ಟಬೇಕು, ಪಟ್ಟಿ ತೊಡೆಯ ಮೇಲ್ಭಾಗದಲ್ಲಿ ಮತ್ತು ಭುಜದ ನಡುವೆ ಹಾಯಬೇಕು, ಊರು ತಲುಪುವವರೆಗೂ ಹಾಗೇ ಕೂರಲು ಆಗಬೇಕು. ಒಂದು ತಪ್ಪಿದರೂ ಬೂಸ್ಟರ್ ಇರಲಿ. ಕಾರಿನ ಸೀಟಿನ ಮೇಲೆ ತಲೆದಿಂಬು ಇಟ್ಟು ಎತ್ತರಿಸುವುದು ಬೂಸ್ಟರ್ ಅಲ್ಲ, ಅದು ಜಾರುತ್ತದೆ.

ಸ್ಕೂಟರಿನಲ್ಲಿ ಕರೆದೊಯ್ಯುವವರಿಗೂ ಒಂದು ಮಾತು. ಒಂಬತ್ತು ತಿಂಗಳಿಂದ ನಾಲ್ಕು ವರ್ಷದ ಮಕ್ಕಳಿಗೆ ಹೆಲ್ಮೆಟ್, ಮಗುವನ್ನು ಸವಾರರಿಗೆ ಸೇರಿಸಿ ಕಟ್ಟುವ ಸುರಕ್ಷತಾ ಪಟ್ಟಿ ಕಡ್ಡಾಯ, ವೇಗ 40 ಕಿಲೋಮೀಟರ್ ಮೀರಬಾರದು. ಕೇಂದ್ರದ ಈ ನಿಯಮ 2022ರಲ್ಲಿ ಬಂದು 2023ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವುದು ಇದ್ಯಾವುದಕ್ಕೂ ಹೊಂದುವುದಿಲ್ಲ. ಬಾಡಿಗೆ ಕಾರಿನಲ್ಲಿ ಹೋಗುವಾಗ ನಿಮ್ಮ ಸೀಟನ್ನೇ ಒಯ್ಯಿರಿ, ಬಿಗಿಯಲು ಹತ್ತು ನಿಮಿಷ ಬೇಕೆಂದು ಚಾಲಕರಿಗೆ ಫೋನಿನಲ್ಲೇ ಹೇಳಿಬಿಡಿ.

ಅಪಘಾತವಾದರೆ

ಮೊದಲು 112 ಅಥವಾ 108. ಹೆದ್ದಾರಿಯಲ್ಲಾದರೆ 1033 ಹೆದ್ದಾರಿ ಪ್ರಾಧಿಕಾರದ್ದು. ಬೆಂಕಿ, ಹೊಗೆ, ಪೆಟ್ರೋಲ್ ಸೋರಿಕೆ, ಹಿಂದಿನಿಂದ ವಾಹನ ಬರುವ ಅಪಾಯ ಇಲ್ಲದಿದ್ದರೆ, ಮಗು ಉಸಿರಾಡುತ್ತಿದ್ದರೆ, ಅದನ್ನು ಸೀಟಿನಿಂದ ಎಳೆದು ತೆಗೆಯಬೇಡಿ. ಕುತ್ತಿಗೆ, ಬೆನ್ನಿಗೆ ಪೆಟ್ಟಾಗಿದ್ದರೆ ಪಟ್ಟಿ ಬಿಗಿದ ಸೀಟೇ ಸದ್ಯಕ್ಕೆ ಆಸರೆ. ಆಂಬುಲೆನ್ಸಿನವರು ಬರಲಿ. ಉಸಿರಾಟ ಇಲ್ಲದಿದ್ದರೆ, ರಕ್ತ ಹರಿಯುತ್ತಿದ್ದರೆ ಕಾಯುವಂತಿಲ್ಲ. ತಲೆ–ಕುತ್ತಿಗೆ ಅಲುಗದಂತೆ ಹಿಡಿದು ಹೊರತೆಗೆಯಿರಿ, ರಕ್ತ ಸುರಿಯುವ ಜಾಗವನ್ನು ಬಟ್ಟೆಯಿಂದ ಒತ್ತಿಹಿಡಿಯಿರಿ. ಸುತ್ತ ಸೇರಿದವರು ನೀರು ಕುಡಿಸಲು ಬರುತ್ತಾರೆ. ಬೇಡ. ಶಸ್ತ್ರಚಿಕಿತ್ಸೆ ಬೇಕಾಗಬಹುದು, ವಾಂತಿಯಾಗಿ ಉಸಿರಿಗೂ ಸಿಕ್ಕಿಕೊಳ್ಳಬಹುದು.

ಮಗು ನಗುತ್ತಿದ್ದರೂ ಆಸ್ಪತ್ರೆಗೆ ತೋರಿಸಿ. ಎದೆ, ಹೊಟ್ಟೆಯ ಮೇಲೆ ಪಟ್ಟಿಯ ಗುರುತು ಕೆಂಪಗೆ ಅಥವಾ ನೀಲಿಗಟ್ಟಿ ಮೂಡಿದ್ದರೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ, ಅಂಗಿ ಎತ್ತಿ ತೋರಿಸಿ. ಒಳಗಿನ ಕರುಳಿನ ಗಾಯ ಮೊದಲ ಕೆಲವು ಗಂಟೆ ಸುಮ್ಮನಿದ್ದು ಆಮೇಲೆ ಕಾಣಿಸಿಕೊಳ್ಳುವುದುಂಟು. ಮಗು ಯಾವ ಕಡೆ ಕೂತಿತ್ತು, ಸೀಟಿನಲ್ಲಿತ್ತೇ, ಗುದ್ದಿದ್ದು ಮುಂದಿನಿಂದಲೋ ಪಕ್ಕದಿಂದಲೋ, ಸ್ವಲ್ಪ ಹೊತ್ತಾದರೂ ಎಚ್ಚರ ತಪ್ಪಿತ್ತೇ: ಇವಿಷ್ಟನ್ನೂ ಹೇಳಿದರೆ ವೈದ್ಯರಿಗೆ ಎಲ್ಲಿ ಹುಡುಕಬೇಕೆಂದು ತಿಳಿಯುತ್ತದೆ. ಮನೆಗೆ ಕಳುಹಿಸಿದರೂ ಎರಡು ದಿನ ಕಣ್ಣಿಡಿ. ಮತ್ತೆಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಹೆಚ್ಚುವ ಹೊಟ್ಟೆನೋವು ಅಥವಾ ಹೊಟ್ಟೆ ಉಬ್ಬರ, ಮೂತ್ರದಲ್ಲಿ ರಕ್ತ, ಕುತ್ತಿಗೆ ತಿರುಗಿಸದಿರುವುದು, ಕೈ ಅಥವಾ ಕಾಲು ಆಡಿಸದಿರುವುದು, ಫಿಟ್ಸ್. ಎಳೆ ಕೂಸಾದರೆ ಹಾಲು ಕುಡಿಯದಿರುವುದು, ನಿಲ್ಲದ ಅಳು, ನೆತ್ತಿಯ ಸುಳಿ ಉಬ್ಬುವುದು. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎನ್ನದೆ ವಾಪಸ್ ಕರೆದೊಯ್ಯಿರಿ. ಎರಡೂ ಊರುಗಳಲ್ಲಿ ಜಿಲ್ಲಾಸ್ಪತ್ರೆಯೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇವೆ. ಸ್ಕ್ಯಾನಿಂಗ್ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವಲ್ಲಿಗೆ ನೇರ ಹೋಗುವುದು ಒಳಿತು.

ದುಡ್ಡಿಲ್ಲವೆಂದು ತಡ ಮಾಡಬೇಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಯೋಜನೆಯಡಿ ಬರುವ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಇದೆ. ಇನ್ನೊಬ್ಬರ ಮಗುವನ್ನು ಆಸ್ಪತ್ರೆಗೆ ಸೇರಿಸಿದವರಿಗೂ ಕೇಸಿನ ಹೆದರಿಕೆ ಬೇಡ, ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ.

ಕಾರು ಎಳೆದೊಯ್ಯಬೇಕಾದಂಥ, ಏರ್‌ಬ್ಯಾಗ್ ತೆರೆದ ಅಥವಾ ಒಳಗಿದ್ದವರಿಗೆ ಗಾಯವಾದ ಅಪಘಾತವಾಗಿದ್ದರೆ ಮಗುವಿನ ಸೀಟನ್ನು ಮತ್ತೆ ಬಳಸುವಂತಿಲ್ಲ, ಹೊರಗೆ ಒಂದು ಗೀರೂ ಕಾಣದಿದ್ದರೂ. ಒಳಗಿನ ಪ್ಲಾಸ್ಟಿಕ್ ಮತ್ತು ಪಟ್ಟಿ ತಮ್ಮ ಪಾಲಿನ ಬಲವನ್ನು ಒಮ್ಮೆ ತಿಂದಾಗಿದೆ. ಎಸೆಯುವ ಮುಂಚೆ ಪಟ್ಟಿಗಳನ್ನು ಕತ್ತರಿಸಿ, ಸೀಟಿನ ಮೇಲೆ ಮಾರ್ಕರಿನಲ್ಲಿ “ಅಪಘಾತವಾದದ್ದು” ಎಂದು ದೊಡ್ಡದಾಗಿ ಬರೆದು ಗುಜರಿಗೆ ಕೊಡಿ. ಹಾಗೇ ಕೊಟ್ಟರೆ ಅದನ್ನು ಒರೆಸಿ ಇನ್ನೊಬ್ಬರಿಗೆ ಮಾರುತ್ತಾರೆ.